ಗೌಡರ ಪೊರಕೆ ಮತ್ತು ನನ್ನ ಬೂಷ್ಟಿನ ಕೆಲಸ

ಮೂವತ್ತೊಂದನೆಯ ವಯಸ್ಸಿಗೇ ನಿವೃತ್ತಳಾದವಳು ವೃತ್ತಿಯ ಅನುಭವ ಬರೆಯಲು ಕೂತರೆ ಜನ ನಗುತ್ತಾರೆ ಎಂದು ನನಗೆ ಗೊತ್ತು. ನಗುವ ಮುನ್ನ ನನ್ನ ವಾದ ಕೇಳಿ. ವೃತ್ತಿ ಎಂದರೇನು? ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೊರಡುವುದು, ಮೇಲಿನವರು ಹೇಳಿದ ಕಡೆ ಕಾದು ಕೂರುವುದು, ಅವರ ಹಾಸ್ಯಕ್ಕೆ ನಗುವುದು, ಸಂಜೆ ಸುಸ್ತಾಗಿ ಬಸ್ಸು ಹತ್ತುವುದು. ಇದಿಷ್ಟನ್ನೂ ನಾನು ನಾಲ್ಕು ವರ್ಷ ತಪ್ಪದೆ ಮಾಡಿದ್ದೇನೆ. ಸಂಬಳ ಮಾತ್ರ ಇರಲಿಲ್ಲ. ಸಂಬಳವಿಲ್ಲದ್ದು ವೃತ್ತಿಯೇ ಅಲ್ಲ ಎನ್ನುವುದಾದರೆ ನಮ್ಮೂರಿನ ಅರ್ಧಕ್ಕರ್ಧ ಹೆಂಗಸರು ಏನೂ ಕೆಲಸ ಮಾಡುತ್ತಿಲ್ಲ ಎಂದಾಗುತ್ತದೆ. ಹಾಗೆಂದು ಅವರೆದುರು ನಿಂತು ಹೇಳಿ, ಆಮೇಲೆ ನನ್ನ ಹತ್ತಿರ ವಾದಕ್ಕೆ ಬನ್ನಿ.

ನನ್ನ ವೃತ್ತಿ ಸಂದರ್ಶನ ಕೊಡುವುದು. ಜೈವಿಕ ತಂತ್ರಜ್ಞಾನದ ಕಂಪನಿಗಳಲ್ಲಿ ಸಂಶೋಧನಾ ವಿಜ್ಞಾನಿ ಎಂಬ ಹುದ್ದೆಗೆ ಜನ ಬೇಕು ಎಂದು ಎಲ್ಲಿ ಕಂಡರೂ ಅಲ್ಲಿ ನಾನಿರುತ್ತಿದ್ದೆ. ಈಗ ಬಿಟ್ಟಿದ್ದೇನೆ. ಇದೇ ಹಾದಿಗೆ ಇಳಿಯುತ್ತಿರುವ ತಮ್ಮತಂಗಿಯರಿಗೆ ಉಪಯೋಗವಾದರೆ ಆಗಲಿ, ಆಗದಿದ್ದರೆ ನಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹೆಸರು ಶೈಲಾ, ಊರು ಬಣಕಲ್. ಅಪ್ಪನದು ಹೆದ್ದಾರಿ ಬದಿಯಲ್ಲಿ ಗೊಬ್ಬರ ಮತ್ತು ಔಷಧಿ ಅಂಗಡಿ. ಔಷಧಿ ಎಂದರೆ ನಮ್ಮ ಕಡೆ ಗಿಡಕ್ಕೆ ಹೊಡೆಯುವಂಥದ್ದು, ಮನುಷ್ಯರು ಕುಡಿಯುವಂಥದ್ದಲ್ಲ. ಶಾಲಾಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಅಂಗಡಿಯ ಅಟ್ಟದಲ್ಲಿವೆ. ದೊಡ್ಡದೊಂದರಲ್ಲಿ ಅಪ್ಪ ಮೊಳೆ ಹಾಕಿಡುತ್ತಾರೆ. ಚರ್ಚೆ ಮುಗಿಸಿ ನಾನು ಹಿಡಿದದ್ದು ಬೂಷ್ಟು. ಹೌದು, ಹಳಸಿದ ರೊಟ್ಟಿಯ ಮೇಲೆ ಬರುವ ಬೂಷ್ಟಿನ ದೂರದ ನೆಂಟ. ಕೆಲವು ಜಾತಿಯ ಬೂಷ್ಟು ಹುಳದ ಮೈಮೇಲೆ ಕೂತು, ಒಳಗಿಳಿದು, ಅದನ್ನು ಕೊಂದು, ಕೊನೆಗೆ ಬಿಳಿ ಹತ್ತಿಯ ಹಾಗೆ ಹೊರಗೆ ಬರುತ್ತದೆ. ಅದರ ಮೇಲೆ ಪಿಎಚ್.ಡಿ. ಮಾಡಿ ಊರಿಗೆ ಬಂದ ದಿನ ಅಪ್ಪ ಕೇಳಿದರು:

"ನನ್ನ ಅಂಗಡಿ ಔಷಧಿನೂ ಹುಳ ಕೊಲ್ಲುತ್ತೆ. ಸಂಜೆ ಹೊಡುದ್ರೆ ಬೆಳಿಗ್ಗೆ ಸತ್ತು ಬಿದ್ದಿರ್ತವೆ. ನಿನ್ನ ಬೂಷ್ಟು?"

"ಒಂದು ವಾರ ಬೇಕಪ್ಪ."

"ಅಷ್ಟೊತ್ತಿಗೆ ಹುಳಕ್ಕೇ ವಯಸ್ಸಾಗಿ ಸಾಯ್ತದಲ್ಲೇ!"

ಈ ಒಂದು ವಾದವನ್ನು ನಾನು ಇಂದಿಗೂ ಗೆದ್ದಿಲ್ಲ.

ನನ್ನ ಕಣ್ಣಿದ್ದದ್ದು ಒಂದೇ ಕಡೆ. ಚಿಕ್ಕಮಗಳೂರಿನ ಹೊರವಲಯದಲ್ಲಿ ಒಂದು ಸಣ್ಣ ಕಂಪನಿಯಿದೆ. ಕಾಫಿಕಾಯಿಗೆ ತೂತು ಕೊರೆಯುವ ಹುಳವಿದೆಯಲ್ಲ, ಎಸ್ಟೇಟಿನವರು ಬೋರರ್ ಎನ್ನುತ್ತಾರೆ, ಅದನ್ನು ಕೊಲ್ಲಲು ಅವರು ಬೂಷ್ಟಿನಿಂದ ಔಷಧಿ ಮಾಡುತ್ತಾರೆ. ಈ ಬೆಟ್ಟಗಳ ನಡುವೆ ನಾನು ಕಲಿತದ್ದಕ್ಕೆ ಇರುವ ಕುರ್ಚಿ ಅದೊಂದೇ. ಆ ಕುರ್ಚಿ ಖಾಲಿಯಾಗುವವರೆಗೆ ಬೇರೆ ಕಡೆ ಸಂದರ್ಶನ ಕೊಟ್ಟು ಕೈ ಪಳಗಿಸಿಕೊಳ್ಳೋಣ ಎಂದುಕೊಂಡೆ. ಅಪ್ಪ ವರ್ಷವರ್ಷವೂ ಒಂದೇ ಗಡುವು ಹಾಕುತ್ತಿದ್ದರು. ಬರುವ ಯುಗಾದಿಯೊಳಗೆ ಕೆಲಸ ಸಿಗದಿದ್ದರೆ ಅಂಗಡಿಯ ಗಲ್ಲಾದಲ್ಲಿ ಕೂರಬೇಕು, ಗಿರಾಕಿಗಳ ಜೊತೆ ವಾದ ಮಾಡಬಾರದು. ಕೂರುವುದಕ್ಕೆ ನನ್ನ ತಕರಾರಿರಲಿಲ್ಲ. ಎರಡನೆಯ ಷರತ್ತು ಮನುಷ್ಯರಿಗೆ ಹಾಕುವಂಥದ್ದಲ್ಲ.

ಮೊದಲ ಸಂದರ್ಶನ ನಡೆದದ್ದು ಗೊಬ್ಬರದ ಮೂಟೆಗಳ ಮೇಲೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬರುವುದು ಗೋದಾಮಿನ ಒಂದು ಮೂಲೆಯಲ್ಲಿ ಮಾತ್ರ, ಅದೂ ಮೂಟೆಗಳ ಮೇಲೆ ಹತ್ತಿ ಕೂತರೆ. ಹೈದರಾಬಾದಿನ ಮೂವರು ವಿಜ್ಞಾನಿಗಳು ಲ್ಯಾಪ್‌ಟಾಪಿನ ಪರದೆಯಲ್ಲಿ ಕೂತು ನನ್ನ ಪ್ರಬಂಧದ ಬಗ್ಗೆ ಕೇಳುತ್ತಿದ್ದರು. ನಾನು ಚೆನ್ನಾಗಿಯೇ ಹೇಳುತ್ತಿದ್ದೆ. ಆದರೆ ಮೂವರ ಕಣ್ಣೂ ನನ್ನ ಭುಜದ ಆಚೆ ಎಲ್ಲೋ ನೆಟ್ಟಿತ್ತು. ತಿರುಗಿ ನೋಡಿದರೆ ಇಲಿ ಪಾಷಾಣದ ಜಾಹೀರಾತು. ಆಳೆತ್ತರದ ಇಲಿ, ಕಾಲು ಮೇಲೆ ಮಾಡಿ ಸತ್ತಿದೆ. ಕೆಳಗೆ 'ಒಮ್ಮೆ ತಿಂದರೆ ಮತ್ತೆ ಬರುವುದಿಲ್ಲ' ಎಂದು ಬರೆದಿದೆ.

ಅದನ್ನು ಸಂಭಾಳಿಸುವಷ್ಟರಲ್ಲಿ ಅಪ್ಪ ಗಿರಾಕಿಯೊಬ್ಬರನ್ನು ಕರೆದುಕೊಂಡು ಒಳಗೆ ಬಂದರು. ಸರಿಯಾಗಿ ಅದೇ ಕ್ಷಣಕ್ಕೆ ಪರದೆಯಿಂದ ಪ್ರಶ್ನೆ ಬಂತು: ಹೆಕ್ಟೇರಿಗೆ ಎಷ್ಟು ಪ್ರಮಾಣ ಸೂಕ್ತ ಎಂದು ನಿಮ್ಮ ಅಭಿಪ್ರಾಯ? ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಪ್ಪನ ದನಿ ಕೇಳಿತು. "ಎರಡು ಮುಚ್ಚಳ ಸಾಕು ಮಾರಾಯ್ರೆ, ಜಾಸ್ತಿ ಹಾಕಿದ್ರೆ ಗಿಡಾನೇ ಹೋಗ್ತದೆ." ಗಿರಾಕಿಗೆ ಹೇಳಿದ್ದು. ಮೂವರಲ್ಲಿ ಒಬ್ಬರಿಗೆ ಕನ್ನಡ ಬರುತ್ತಿತ್ತೆಂದು ಕಾಣುತ್ತದೆ. ಅವರು ಮೈಕು ಮುಚ್ಚಿಕೊಂಡು ಬಹಳ ಹೊತ್ತು ಮೇಜಿನ ಕೆಳಗೆ ಏನನ್ನೋ ಹುಡುಕಿದರು. ಆ ಕೆಲಸ ಸಿಗಲಿಲ್ಲ. ಆ ಗಿರಾಕಿ ಮಾತ್ರ ಈಗಲೂ ನಮ್ಮಲ್ಲೇ ಔಷಧಿ ಒಯ್ಯುತ್ತಾರೆ.

ಎರಡನೆಯದು ಬೆಂಗಳೂರಿನಲ್ಲಿ, ಗಾಜಿನ ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿ. ಅಲ್ಲಿ ಕೂತಿದ್ದ ಹಿರಿಯರು ಒಂದೂ ಪ್ರಶ್ನೆ ಕೇಳಲಿಲ್ಲ. ತಾವು ಬಾಲ್ಯದಲ್ಲಿ ಪಟ್ಟ ಕಷ್ಟ, ತಾವು ಕಟ್ಟಿದ ತಂಡ, ತಮ್ಮ ಮಂಡಿನೋವು ಎಲ್ಲವನ್ನೂ ಹೇಳಿ, ಕೊನೆಗೆ "ನಿಮ್ಮ ದೌರ್ಬಲ್ಯ ಯಾವುದು?" ಎಂದರು. ಈ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರವೊಂದಿದೆ. ಅತಿಯಾಗಿ ದುಡಿಯುವುದೇ ನನ್ನ ದೌರ್ಬಲ್ಯ ಎಂದು ತಲೆ ತಗ್ಗಿಸಿ ಹೇಳಬೇಕು. ನಾನು ಹೇಳಿದ್ದು ಬೇರೆ. "ಸರ್, ಈ ಪ್ರಶ್ನೆಗೆ ನಿಜ ಹೇಳಿದವರಿಗೆ ಕೆಲಸ ಸಿಗುವುದಿಲ್ಲ, ಸುಳ್ಳು ಹೇಳಿದವರಿಗೆ ಸಿಗುತ್ತದೆ. ಅಂದಮೇಲೆ ನೀವು ಸುಳ್ಳುಗಾರರನ್ನು ಆರಿಸುವ ಯಂತ್ರವನ್ನು ಮಾಡಿಟ್ಟಿದ್ದೀರಿ." ಅವರು ನಕ್ಕರು. ನಾನು ಗೆದ್ದೆ ಎಂದುಕೊಂಡೆ. ಲಿಫ್ಟಿನಲ್ಲಿ ಕೆಳಗಿಳಿಯುವಷ್ಟರಲ್ಲಿ 'ವಿಷಾದಿಸುತ್ತೇವೆ' ಎಂಬ ಮೇಲ್ ಬಂದಿತ್ತು.

ತಂಗಿಯರೇ, ಇಲ್ಲೊಂದು ಮಾತು ನೆನಪಿಡಿ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಬೇರೆ, ತೀರ್ಪುಗಾರ ಬೇರೆ. ಸಂದರ್ಶನದಲ್ಲಿ ಇಬ್ಬರೂ ಒಬ್ಬರೇ. ಇದನ್ನು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ತಿಳಿದ ಮೇಲೂ ಬಾಯಿ ಕೇಳಲಿಲ್ಲ ಎನ್ನುವುದು ಬೇರೆ ವಿಷಯ.

ಪದ್ಧತಿಗಳೂ ನನ್ನ ಕಣ್ಣೆದುರೇ ಬದಲಾದವು. ನಾನು ಈ ಕ್ಷೇತ್ರಕ್ಕೆ ಬಂದಾಗ ನಿಮಗೇನು ಗೊತ್ತು ಎಂದು ಕೇಳುತ್ತಿದ್ದರು. ಮರುವರ್ಷ ನಿಮಗೆ ಏನನ್ನಿಸುತ್ತದೆ ಎಂದು ಕೇಳತೊಡಗಿದರು. ಆಮೇಲೆ ಕೇಳುವವರೇ ಮಾಯವಾಗಿ ಯಂತ್ರ ಬಂದು ಕೂತಿತು. ಪರದೆಯ ಮೇಲೆ ಒಂದು ಹೆಣ್ಣುದನಿ ಪ್ರಶ್ನೆ ಕೇಳುತ್ತದೆ, ಕ್ಯಾಮೆರಾ ನಮ್ಮ ಮುಖಭಾವ ಅಳೆಯುತ್ತದೆ. ಅಂಥದ್ದೊಂದನ್ನು ನಾನು ಕೊಟ್ಟದ್ದು ಕೊಟ್ಟಿಗೆಹಾರದಲ್ಲಿ, ಗೆಳತಿಯ ಮನೆಯ ಜಗಲಿಯಲ್ಲಿ ಕೂತು. ಮಂಜು ಎಂದರೆ ಎದುರಿನ ಹೋಟೆಲ್ಲೇ ಕಾಣುತ್ತಿರಲಿಲ್ಲ. "ನಿಮ್ಮ ಮುಖ ಕಾಣುತ್ತಿಲ್ಲ, ದಯವಿಟ್ಟು ಬೆಳಕಿಗೆ ಬನ್ನಿ" ಎಂದಿತು ಯಂತ್ರ. "ಇಲ್ಲಿ ಬೆಳಕು ಬರುವುದು ಡಿಸೆಂಬರಿಗೆ" ಎಂದೆ. "ಉತ್ತಮ ಉತ್ತರ. ನಿಮ್ಮ ನಾಯಕತ್ವದ ಗುಣವನ್ನು ವಿವರಿಸಿ" ಎಂದಿತು. ನಾನು ವಾದಕ್ಕಿಳಿದೆ. ಅರ್ಧ ಗಂಟೆ ಅದರ ಪೂರ್ವಗ್ರಹಗಳನ್ನು ಒಂದೊಂದಾಗಿ ಬಯಲು ಮಾಡಿದೆ. ಪ್ರತಿ ಮಾತಿಗೂ ಅದು ಧನ್ಯವಾದ ಹೇಳಿತು. ನನ್ನ ಇಡೀ ವೃತ್ತಿಜೀವನದಲ್ಲಿ ಕೊನೆಯವರೆಗೆ ಮಾತಾಡಲು ಬಿಟ್ಟ ಏಕೈಕ ಸಂದರ್ಶಕಿ ಆ ಯಂತ್ರ. ಅಂಕ ಸೊನ್ನೆ. ಕಾರಣ, ಅಭ್ಯರ್ಥಿ ನಗಲಿಲ್ಲವಂತೆ.

ಕಳೆದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಚಿಕ್ಕಮಗಳೂರಿನ ಕುರ್ಚಿ ಖಾಲಿಯಾಯಿತು.

ಆ ಕಂಪನಿಯಲ್ಲಿ ಸಂದರ್ಶನ ಮಾಡುವವರು ಇಬ್ಬರೇ. ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಮಾಲತಿ, ಐವತ್ತು ದಾಟಿದ ಹೆಂಗಸು, ಕಡಿಮೆ ಮಾತು. ಸಿಬ್ಬಂದಿ ವಿಭಾಗದ ಪ್ರಮೋದ್, ಮಾತು ಮಾತ್ರ. ಕೊನೆಯ ಸುತ್ತಿಗೆ ಉಳಿದಿದ್ದವರೂ ಇಬ್ಬರೇ, ನಾನು ಮತ್ತು ಮೈಸೂರಿನ ವಿನಯ್. ವಿನಯ್ ಒಳ್ಳೆಯ ಹುಡುಗ. ಅವನ ಶರ್ಟಿನಲ್ಲಿ ಒಂದೂ ಸುಕ್ಕಿರಲಿಲ್ಲ, ಉತ್ತರಗಳಲ್ಲೂ ಇರಲಿಲ್ಲ. ಏನು ಕೇಳಿದರೂ ಮೊದಲು "ಒಳ್ಳೆಯ ಪ್ರಶ್ನೆ" ಎನ್ನುತ್ತಿದ್ದ. ನೀರು ಬೇಕಾ ಎಂದು ಕೇಳಿದಾಗಲೂ ಎಂದ.

ಮಾಲತಿ ಮೇಡಂ ನಮ್ಮಿಬ್ಬರ ಮುಂದೆ ಒಂದು ಒಗಟು ಇಟ್ಟರು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ರುದ್ರೇಗೌಡರ ರೊಬಸ್ಟಾ ಕಾಫಿ ತೋಟವಿದೆ. ಅಲ್ಲಿ ಕಂಪನಿಯ ಬೂಷ್ಟಿನ ಪ್ರಯೋಗ ನಡೆಯುತ್ತಿದೆ. ತೋಟದ ಒಂದು ಭಾಗಕ್ಕೆ ಔಷಧಿ ಹೊಡೆದಿದ್ದಾರೆ, ಹೋಲಿಸಿ ನೋಡಲೆಂದು ಇನ್ನೊಂದು ಭಾಗಕ್ಕೆ ಏನೂ ಹೊಡೆಯದೆ ಬಿಟ್ಟಿದ್ದಾರೆ. ಹೀಗೆ ಬಿಡುವ ಭಾಗಕ್ಕೆ ನಮ್ಮವರು ಕಂಟ್ರೋಲ್ ಎನ್ನುತ್ತಾರೆ. ಕಂಟ್ರೋಲಿನಲ್ಲಿ ಹುಳ ಹೆಚ್ಚಿರಬೇಕು, ಔಷಧಿ ಬಿದ್ದಲ್ಲಿ ಕಡಿಮೆಯಿರಬೇಕು.

"ಮೂರು ಸಲ ಹೋಗಿ ಕಾಯಿ ಎಣಿಸಿದ್ದೀವಿ. ಮೂರೂ ಸಲ ಉಲ್ಟಾ" ಎಂದರು ಮೇಡಂ. "ಔಷಧಿ ಹೊಡೆದ ಕಡೆ ಹುಳ ಇದೆ. ಏನೂ ಹೊಡೆಯದ ಕಡೆ ಹುಳಾನೇ ಇಲ್ಲ. ಯಾಕೆ? ಈ ಹಂಗಾಮಲ್ಲೂ ಹೀಗೇ ಆದ್ರೆ ಮೇಲಿನವ್ರು ಯೋಜನೆ ಮುಚ್ತಾರೆ. ಆಗ ನಾನು ನಿಮ್ಮಿಬ್ಬರಲ್ಲಿ ಯಾರನ್ನೂ ತಗೊಳ್ಳೋ ಹಾಗಿಲ್ಲ. ಹುದ್ದೆನೇ ಇರಲ್ಲ."

ನಾಲ್ಕು ವರ್ಷ ಕಾದ ಕುರ್ಚಿಗೆ ಕಾಲುಗಳೇ ಇಲ್ಲ!

"ಒಳ್ಳೆಯ ಪ್ರಶ್ನೆ" ಎಂದ ವಿನಯ್. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಹಾರಿ ಪಕ್ಕದ ಭಾಗಕ್ಕೆ ಹೋಗಿರಬಹುದು, ಅಲ್ಲಿನ ಗಿಡಗಳಲ್ಲಿ ಸಹಜ ಪ್ರತಿರೋಧ ಎಚ್ಚೆತ್ತಿರಬಹುದು ಎಂದು ಹತ್ತು ನಿಮಿಷ ಸೊಗಸಾಗಿ ವಿವರಿಸಿದ. ಕೇಳುತ್ತಾ ಕೇಳುತ್ತಾ ನನಗೇ ಆ ಗಿಡಗಳ ಬಗ್ಗೆ ಗೌರವ ಬಂತು.

ನನ್ನ ಸರದಿ. "ಎರಡೇ ಸಾಧ್ಯತೆ ಮೇಡಂ. ಒಂದು, ನಿಮ್ಮ ಔಷಧಿ ಹುಳಕ್ಕೆ ಟಾನಿಕ್ಕು. ಇನ್ನೊಂದು, ಯಾರೋ ಕಂಟ್ರೋಲಿಗೆ ಕೈ ಹಾಕಿದ್ದಾರೆ."

ಪ್ರಮೋದ್ ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು. "ಗೌಡ್ರು ದೊಡ್ಡ ಮನುಷ್ಯರು ಶೈಲಾ ಅವ್ರೇ! ತೋಟಾನ ಪುಕ್ಕಟೆ ಕೊಟ್ಟಿದ್ದಾರೆ. ಬೇರೆ ಯಾರೂ ಕೊಡ್ಲಿಲ್ಲ. ಅವ್ರು ಯಾಕೆ ಕೈ ಹಾಕ್ತಾರೆ?"

"ಅದನ್ನ ತೋಟ ನೋಡದೆ ಹೇಳಲ್ಲ."

ಮೇಡಂ ಒಂದು ಕ್ಷಣ ನನ್ನನ್ನೇ ನೋಡಿದರು. "ಸರಿ, ಇಬ್ಬರೂ ಬನ್ನಿ. ಕೊನೆಯ ಸುತ್ತು ಅಲ್ಲೇ ಆಗ್ಲಿ."

ಪ್ರಮೋದ್ ಅಲ್ಲಿಂದಲೇ ಫೋನು ಮಾಡಿದರು. "ಗೌಡ್ರೇ, ನಾಡಿದ್ದು ಬರ್ತಿದ್ದೀವಿ." ಆಚೆಯ ದನಿ ಇಡೀ ಕೋಣೆಗೆ ಕೇಳಿತು. "ಬನ್ನಿ ಬನ್ನಿ! ಹೇಳಿದ್ದು ಒಳ್ಳೇದಾಯ್ತು. ಎಲ್ಲ ರೆಡಿ ಮಾಡ್ಸಿರ್ತೀನಿ!" ಊಟದ ಮಾತು ಎಂದೇ ಎಲ್ಲರೂ ತಿಳಿದೆವು.

ರುದ್ರೇಗೌಡರು ಗೇಟಿನಲ್ಲೇ ನಿಂತಿದ್ದರು. ಎತ್ತರದ ಆಳು, ಅರವತ್ತರ ಆಸುಪಾಸು, ದನಿ ಮೈಗಿಂತ ದೊಡ್ಡದು. ಪ್ರಯೋಗ ಏನು, ಎತ್ತ ಎನ್ನುವುದರ ಬಗ್ಗೆ ಅವರಿಗೆ ಅಂಥ ಆಸಕ್ತಿಯೇನೂ ಕಾಣಲಿಲ್ಲ. ನೆಂಟರು ಬಂದರು ಎನ್ನುವ ಸಂಭ್ರಮವೇ ಕಂಡಿತು. "ಇವ್ರಿಬ್ರಲ್ಲಿ ಯಾರು ಪಾಸು?" ಎಂದು ನಮ್ಮೆದುರೇ ಕೇಳಿದರು.

"ಇನ್ನೂ ಪರೀಕ್ಷೆ ನಡೀತಿದೆ ಗೌಡ್ರೇ" ಎಂದರು ಮೇಡಂ.

"ಪಾಪ, ಇಬ್ರೂ ಸಣಕಲು. ಮೊದ್ಲು ಊಟ ಮಾಡ್ಸಿ, ಆಮೇಲೆ ಪರೀಕ್ಷೆ ಮಾಡಿ."

ತೋಟ ನೋಡಿಯೇ ಊಟ ಎಂದು ಮೇಡಂ ಪಟ್ಟು ಹಿಡಿದರು. ಕಂಟ್ರೋಲ್ ಭಾಗ ಮನೆಯ ಪಕ್ಕದಲ್ಲೇ, ಜೀಪು ರಸ್ತೆಗೆ ಅಂಟಿಕೊಂಡಿತ್ತು. ಔಷಧಿ ಹೊಡೆದ ಭಾಗ ಗುಡ್ಡದ ಆಚೆ ಇತ್ತು. ಮೊದಲು ಆಚೆ ಹೋದೆವು. ಅಲ್ಲಿ ಪಾದ ಮುಳುಗುವಷ್ಟು ತರಗೆಲೆ, ಬುಡದಲ್ಲಿ ಅಲ್ಲೊಂದು ಇಲ್ಲೊಂದು ಉದುರಿದ ಕಾಯಿ, ಗಿಡದ ಮೇಲೂ ತುದಿಗೆ ಸೂಜಿಮೊನೆಯಷ್ಟು ತೂತು ಬಿದ್ದ ಕಾಯಿಗಳು ಕಂಡವು. ತೋಟ ಎಂದರೆ ಹೇಗಿರಬೇಕೋ ಹಾಗಿತ್ತು.

ಆಮೇಲೆ ಈಚೆ ಬಂದೆವು. ವಿನಯ್ ಗಿಡಗಳನ್ನು ನೋಡುತ್ತಿದ್ದ. "ಎಂಥ ಪ್ರತಿರೋಧ!" ಎಂದು ಎಲೆಯೊಂದನ್ನು ಸವರಿದ. ನಾನು ನೆಲ ನೋಡಿದೆ. ಒಂದು ತರಗೆಲೆ ಇಲ್ಲ. ಒಂದು ಉದುರಿದ ಕಾಯಿ ಇಲ್ಲ. ಹದವಾದ ಮಣ್ಣಿನ ಮೇಲೆ ಸಾಲುಸಾಲಾಗಿ ಗೀರುಗಳಿದ್ದವು. ಪೊರಕೆಯ ಗೀರುಗಳು! ಕಾಫಿ ತೋಟದ ಬುಡವನ್ನು ಅಂಗಳದ ಹಾಗೆ ಗುಡಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ರಂಗೋಲಿಯೊಂದು ಬಾಕಿಯಿತ್ತು.

ಚರ್ಚೆಯಲ್ಲಿ ಒಂದು ನಿಯಮವಿದೆ. ಸಾಕ್ಷಿ ಕೈಗೆ ಸಿಕ್ಕ ಕೂಡಲೇ ಕೂಗಬಾರದು, ಎದುರಿನವರ ಬಾಯಿಂದಲೇ ಹೊರಡಿಸಬೇಕು. ನಾನು ತುಟಿ ಬಿಗಿದುಕೊಂಡು ಊಟಕ್ಕೆ ನಡೆದೆ.

ಪಡಸಾಲೆಯಲ್ಲಿ ಸಾಲಾಗಿ ನಾಲ್ಕು ಬಾಳೆಲೆ ಹಾಕಿದ್ದರು. ಮೇಡಂ, ಪ್ರಮೋದ್, ವಿನಯ್, ಕೊನೆಗೆ ನಾನು. ಗೌಡರು ತಾವೇ ಸೊಂಟಕ್ಕೆ ಟವಲು ಕಟ್ಟಿ ಬಡಿಸುತ್ತಿದ್ದರು. ಅವರ ಹೆಂಡತಿ ಗಿರಿಜಮ್ಮ ಅಡುಗೆಮನೆಯಿಂದ ಬಿಸಿ ಕಡುಬು ತಂದುಕೊಡುತ್ತಿದ್ದರು. ಎರಡನೆಯ ಕಡುಬಿಗೆ ಅವರೆಕಾಳಿನ ಸಾರು ಬೀಳುತ್ತಿದ್ದಾಗ ನಾನು ಬಾಯಿ ತೆರೆದೆ.

"ಗೌಡ್ರೇ, ರಸ್ತೆ ಪಕ್ಕದ ತೋಟ ಎಷ್ಟು ಚೊಕ್ಕ ಇದೆ! ಯಾರು ಗುಡಿಸಿದ್ದು?"

ಗೌಡರ ಮುಖ ಅರಳಿತು. "ನೋಡಿದ್ಯಾ? ನೀನೊಬ್ಳೇ ನೋಡಿದ್ದು! ನಾಲ್ಕು ಆಳು ಬಿಟ್ಟು ಗುಡಿಸಿದ್ದು. ತೂತು ಬಿದ್ದ ಕಾಯಿ ಇತ್ತಲ್ಲ, ಒಂದೊಂದನ್ನೂ ಕೈಯಲ್ಲೇ ಬಿಡಿಸಿ, ಉದುರಿದ್ದೆಲ್ಲ ಹೆಕ್ಕಿ ಸುಡ್ಸಿಬಿಟ್ಟೆ. ಇವ್ರು ಬರೋ ಸುದ್ದಿ ಬಂದಾಗೆಲ್ಲ ಮಾಡಿಸ್ತೀನಿ. ಮನೆ ಬಾಗಿಲಲ್ಲೇ ಹುಳ ಹಿಡಿದ ಕಾಯಿ ಇಟ್ಕಂಡು ನೆಂಟರನ್ನ ಕರೆಯಕ್ಕಾಗ್ತದಾ?"

ಪಂಕ್ತಿಯಲ್ಲಿ ನಾಲ್ಕು ಕೈಗಳು ಗಾಳಿಯಲ್ಲೇ ನಿಂತವು. ಮೂರು ಸಲ ಕಂಪನಿಯವರು ಮರ್ಯಾದೆಗೆಂದು ಫೋನು ಮಾಡಿ ಬಂದಿದ್ದಾರೆ. ಮೂರೂ ಸಲ ಗೌಡರು ಮರ್ಯಾದೆಗೆಂದು ಹುಳ ತೆಗೆಸಿದ್ದಾರೆ. ಎರಡು ಮರ್ಯಾದೆಗಳು ಸೇರಿ ಒಂದು ವಿಜ್ಞಾನವನ್ನು ಮುಗಿಸಿಬಿಟ್ಟಿದ್ದವು.

"ಗೌಡ್ರೇ" ಎಂದರು ಮೇಡಂ ಬಹಳ ನಿಧಾನವಾಗಿ. "ಆಚೆ ಗುಡ್ಡದ ತೋಟ ಯಾಕೆ ಗುಡಿಸ್ಲಿಲ್ಲ?"

"ಅದಕ್ಕೆ ನೀವೇ ಔಷಧಿ ಹೊಡ್ದಿದ್ದೀರಲ್ಲ! ಅದು ನಿಮ್ಮ ಜವಾಬ್ದಾರಿ. ನಾನು ಕೈ ಹಾಕಿದ್ರೆ ನಿಮ್ಗೆ ಅವಮಾನ."

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಜ ಹೊರಬಿದ್ದಿತ್ತು, ಯೋಜನೆ ಬದುಕುವ ದಾರಿ ಕಂಡಿತ್ತು, ಕೀರ್ತಿ ನನ್ನದಾಗಿತ್ತು. ಆದರೆ ಕಪ್ಪು ಗೆದ್ದ ನಾಲಿಗೆ ಅದು, ಸಮಾರೋಪ ಭಾಷಣ ಮಾಡದೆ ಕೂರುವುದಿಲ್ಲ. "ಅಂದ್ರೆ ಮೂರು ಸಲದ ಲೆಕ್ಕಾನೂ ಸುಳ್ಳು. ಪರೀಕ್ಷೇಲಿ ಕಾಪಿ ಹೊಡೆದ ಹಾಗೆ ಆಯ್ತು ಗೌಡ್ರೇ ಇದು" ಎಂದೆ.

ಗೌಡರ ಕೈಯಲ್ಲಿದ್ದ ಸಾರಿನ ಸೌಟು ಪಾತ್ರೆಗೆ ವಾಪಸ್ಸು ಹೋಯಿತು.

"ಎಲೆ ಮುಂದೆ ಕೂತ್ಕಂಡು ಮನೆ ಯಜಮಾನನ್ನ ಕಳ್ಳ ಅಂತೀಯಲ್ಲ ಮಾರಾಯ್ತಿ!"

"ಶೈಲಾ ಅವ್ರೇ, ಪ್ಲೀಸ್" ಎಂದು ಪ್ರಮೋದ್ ಗೋಗರೆದರು.

"ಕಳ್ಳ ಅನ್ನಲಿಲ್ಲ. ಪ್ರಯೋಗ ಕೆಡ್ತು ಅಂದೆ. ಆ ಭಾಗಾನ ಮುಟ್ಟಬಾರದು, ಹುಳ ಬಂದ್ರೆ ಬರಲಿ ಅಂತ ಬಿಡಬೇಕಿತ್ತು."

"ಯಾಕೆ ಬಿಡ್ಬೇಕು? ನೀನೇ ಹೇಳು" ಎಂದು ಗೌಡರು ಪಂಕ್ತಿಯ ನಡುವೆ ಬಂದು ನಿಂತರು. "ಈಗ ನಾಲ್ಕು ಜನ ಊಟಕ್ಕೆ ಕೂತಿದ್ದೀರಿ. ಇಬ್ರಿಗೆ ಬಡಿಸಿ, ಇನ್ನಿಬ್ರಿಗೆ 'ನೀವು ಸುಮ್ನೆ ಕೂತಿರಿ, ಹೆಂಗೆ ಸೊರಗ್ತೀರಿ ಅಂತ ನೋಡ್ತೀವಿ' ಅಂದ್ರೆ ಹೆಂಗಿರ್ತದೆ? ಅದಕ್ಕೆ ಪಂಕ್ತಿಭೇದ ಅಂತಾರೆ. ನಮ್ಮನೇಲಿ ನಾಯಿಗೂ ಅದನ್ನ ಮಾಡಿಲ್ಲ. ಗಿಡ ನಂದು. ಒಂದಕ್ಕೆ ಔಷಧಿ, ಒಂದಕ್ಕೆ ಉಪವಾಸ! ಅದಕ್ಕೆ ಇಂಗ್ಲಿಷಲ್ಲಿ ಒಂದು ಹೆಸರು ಬೇರೆ! ನೀವೇನಂತೀರಪ್ಪ?" ಎಂದು ವಿನಯ್ ಕಡೆ ತಿರುಗಿದರು.

"ಒಳ್ಳೆಯ ಪ್ರಶ್ನೆ" ಎಂದ ವಿನಯ್. ಜೀವನದಲ್ಲಿ ಮೊದಲ ಬಾರಿಗೆ ಅದರ ಮುಂದೆ ಏನೂ ಬರಲಿಲ್ಲ.

ನಿಜವಾಗಿಯೂ ಒಳ್ಳೆಯ ಪ್ರಶ್ನೆಯೇ ಆಗಿತ್ತು. ಎಷ್ಟೋ ವೇದಿಕೆಗಳಲ್ಲಿ ಎಂಥೆಂಥವರನ್ನೋ ಮಣಿಸಿದ್ದೆ. ಆದರೆ ಸೌಟು ಹಿಡಿದು ನಿಂತ ಈ ಮನುಷ್ಯನ ವಾದದಲ್ಲಿ ನನಗೆ ಒಂದೂ ಬಿರುಕು ಸಿಗಲಿಲ್ಲ.

"ಮೇಡಂ, ಕೇಳಿ" ಎಂದರು ಗೌಡರು, ದನಿ ತಗ್ಗಿಸಿ. ಅವರು ದನಿ ತಗ್ಗಿಸಿದ್ದಕ್ಕೇ ಹೆಚ್ಚು ಭಯವಾಯಿತು. "ನೀವು ಊಟ ಮುಗ್ಸಿ. ಆಮೇಲೆ ನಿಮ್ಮ ಬೋರ್ಡು, ದಾರ ಎಲ್ಲ ಬಿಚ್ಕಂಡು ಹೋಗಿ. ನನ್ನ ತೋಟದಲ್ಲಿ ಈ ಅನ್ಯಾಯ ಬೇಡ."

ಪ್ರಮೋದ್ ಮುಖ ಬಿಳುಚಿತು. ಬೇರೆ ಯಾರೂ ತೋಟ ಕೊಡುವುದಿಲ್ಲ ಎಂದು ಅವರೇ ಹೇಳಿದ್ದರಲ್ಲ. ತೋಟವಿಲ್ಲದೆ ಪ್ರಯೋಗವಿಲ್ಲ, ಪ್ರಯೋಗವಿಲ್ಲದೆ ಯೋಜನೆಯಿಲ್ಲ, ಯೋಜನೆಯಿಲ್ಲದೆ ನನ್ನ ಕುರ್ಚಿಯಿಲ್ಲ. ಒಂದೇ ಒಂದು ಸಮಾರೋಪ ವಾಕ್ಯದಿಂದ ನಾನು ಇದೆಲ್ಲವನ್ನೂ ಉರುಳಿಸಿದ್ದೆ. ಮಾಲತಿ ಮೇಡಂ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯ ಕೊನೆಯ ಪ್ರಶ್ನೆ ಇದೇ, ಉತ್ತರಿಸು ಎನ್ನುವಂತಿತ್ತು.

ನಾನು ಕೈಯಲ್ಲಿದ್ದ ಕಡುಬಿನ ತುಂಡು ಕೆಳಗಿಟ್ಟೆ.

"ಗೌಡ್ರೇ, ನಿಮ್ಮ ಮಾತು ಸರಿ. ನಾನು ಅಂದದ್ದು ತಪ್ಪು. ಒಂದು ಕೇಳಲಾ?"

"ಕೇಳು."

"ನೀವು ಯಾಕೆ ಕೂತಿಲ್ಲ ಊಟಕ್ಕೆ?"

"ಅದೆಂತ ಪ್ರಶ್ನೆ? ನೆಂಟರು ಏಳದೆ ಮನೆಯವ್ರು ಕೂರ್ತಾರಾ? ನಮ್ದು ಕೊನೇ ಪಂಕ್ತಿ."

"ನಿಮಗೆ ಹಸಿವಿಲ್ವಾ?"

"ಇದೆ. ಬೆಳಿಗ್ಗೆ ಎರಡು ರೊಟ್ಟಿ ತಿಂದಿದ್ದಷ್ಟೇ."

"ಅದು ಪಂಕ್ತಿಭೇದ ಆಗಲ್ವಾ?"

"ಹೆಂಗಾಗ್ತದೆ? ನಮ್ಮನೆ. ನಾವು ಕಾಯ್ತೀವಿ. ಕಾಯೋದು ನಮ್ಮ ಮರ್ಯಾದೆ."

"ಹಾಗಾದ್ರೆ ಆಚೆ ಗುಡ್ಡದ ಗಿಡ ನೆಂಟ್ರು ಅಂದ್ಕೊಳ್ಳಿ. ಔಷಧಿ ನಾವು ತಂದದ್ದು, ಅವಕ್ಕೆ ಬಡಿಸಿದ್ದೀವಿ. ಮನೆ ಪಕ್ಕದ ಗಿಡ ಮನೆಯವ್ರು. ಅವು ಕೊನೇ ಪಂಕ್ತಿ. ನೆಂಟರು ಎದ್ದ ಮೇಲೆ, ಅಂದ್ರೆ ನಾವು ಬಂದು ಕಾಯಿ ಎಣಿಸಿ ಮುಗಿಸಿದ ಮೇಲೆ, ನೀವು ಬೇಕಾದಷ್ಟು ಆಳು ಬಿಟ್ಟು ಗುಡಿಸಿ, ಬಿಡಿಸಿ, ಸುಡಿಸಿ. ಯಾರೂ ಬೇಡ ಅನ್ನಲ್ಲ. ಅಲ್ಲೀವರೆಗೆ ಅವು ಕಾಯ್ಬೇಕು. ಮನೆಯವ್ರು ನೆಂಟರಿಗಿಂತ ಮುಂಚೆ ಗುಟ್ಟಾಗಿ ಅಡುಗೆಮನೇಲಿ ಉಂಡ್ರೆ ಚೆನ್ನಾಗಿರುತ್ತಾ?"

ಗೌಡರು ಕತ್ತು ಓರೆ ಮಾಡಿ ಆ ವಾದವನ್ನು ಎಲ್ಲ ಕಡೆಯಿಂದಲೂ ನೋಡಿದರು. "ಮಾತು ಚೆನ್ನಾಗಿದೆ" ಎಂದರು. "ಆದ್ರೂ ಮಾರಾಯ್ತಿ, ನಾನು ಒಂದು ಹೊತ್ತು ಕಾದ್ರೆ ಏನೂ ಆಗಲ್ಲ. ಗಿಡ ಅಷ್ಟು ದಿನ ಕಾದ್ರೆ ಹುಳ ತಿಂದು ಹಾಕ್ತದಲ್ಲ? ಸತ್ತೋದ್ರೆ?"

ಉತ್ತರ ಅಡುಗೆಮನೆಯ ಬಾಗಿಲಿನಿಂದ ಬಂತು.

"ಮದುವೆಯಾಗಿ ಬಂದಾಗಿಂದ ನಾನು ಕೊನೇ ಪಂಕ್ತೀಲೇ ಉಣ್ತಿದ್ದೀನಿ. ಸತ್ತೋದ್ನಾ?" ಎಂದರು ಗಿರಿಜಮ್ಮ. ಕೈಯಲ್ಲಿ ಕಡುಬಿನ ತಟ್ಟೆಯಿತ್ತು. "ಗಿಡಾನೂ ಸಾಯಲ್ಲ. ಬೇಗ ಒಪ್ಕಂಡು ಮುಗ್ಸಿ, ನಂಗೆ ಹಸಿವು."

ಚರ್ಚಾಸ್ಪರ್ಧೆಗಳ ಇಡೀ ಇತಿಹಾಸದಲ್ಲಿ ಇಂಥ ಸಮಾರೋಪ ನಾನು ಕೇಳಿಲ್ಲ. ಎರಡು ವಾಕ್ಯ, ಒಂದು ಸಾಕ್ಷಿ, ಆ ಸಾಕ್ಷಿ ಎದುರಿಗೇ ನಿಂತಿದೆ. ಗೌಡರು ಹೆಂಡತಿಯನ್ನು ನೋಡಿದರು, ನೆಲ ನೋಡಿದರು, ಕೊನೆಗೆ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. "ಆಯ್ತು. ಗಿಡ ಕಾಯ್ತವೆ" ಎಂದರು.

ಪ್ರಮೋದ್ ಉಸಿರು ಬಿಟ್ಟದ್ದು ಪಡಸಾಲೆಗೆಲ್ಲ ಕೇಳಿತು.

ನಾವು ಎದ್ದು ಕೈ ತೊಳೆದು ಬಂದೆವು. ಗಿರಿಜಮ್ಮ ಮತ್ತೆ ಅಡುಗೆಮನೆ ಕಡೆ ತಿರುಗಿದ್ದರು. ನಾನು ಅವರ ಕೈಯಿಂದ ತಟ್ಟೆ ತೆಗೆದುಕೊಂಡು, "ನೀವೂ ಕೂತ್ಕೊಳ್ಳಿ ಅಮ್ಮ, ನಾನು ಬಡಿಸ್ತೀನಿ" ಎಂದೆ. ಒಳ್ಳೆಯತನ ಎಂದು ತಿಳಿಯಬೇಡಿ. ಗೆದ್ದ ತಂಡದ ನಾಯಕಿಗೆ ಸಲ್ಲಬೇಕಾದ ಗೌರವ ಅದು. ಗಂಡಹೆಂಡತಿ ಅಕ್ಕಪಕ್ಕ ಎಲೆಗೆ ಕೂತರು.

ಗೌಡರು ಮೊದಲ ತುತ್ತು ಬಾಯಿಗಿಟ್ಟು ಕೇಳಿದರು: "ಮೇಡಂ, ಮುಂದಿನ ಸಲ ಎಣಿಸಕ್ಕೆ ಯಾರು ಬರೋದು?"

"ಹೊಸಬ್ರು ಯಾರು ಕೆಲಸಕ್ಕೆ ಸೇರ್ತಾರೋ ಅವ್ರು."

"ಇವ್ಳು ತಾನೆ?"

ಪ್ರಮೋದ್ ಗಂಟಲು ಸರಿಮಾಡಿಕೊಂಡರು. "ಗೌಡ್ರೇ, ಅದು ಹಾಗಲ್ಲ. ಇಬ್ರು ಅಭ್ಯರ್ಥಿಗಳು ಇದ್ದಾರೆ. ಅಂಕ ಕೂಡಬೇಕು, ಸಮಿತಿಯಲ್ಲಿ ಇಡಬೇಕು. ನಾವು ಇನ್ನೂ ತೀರ್ಮಾನ ಮಾಡಿಲ್ಲ."

"ನಿಧಾನಕ್ಕೆ ಮಾಡಿ, ಅವಸರ ಇಲ್ಲ" ಎಂದರು ಗೌಡರು, ಸಾರಿನಲ್ಲಿ ಕಡುಬು ಅದ್ದುತ್ತಾ. "ಗಿಡ ಕಾಯ್ತವೆ ಅಂತ ನಾನು ಮಾತು ಕೊಟ್ಟಿದ್ದು ಇವ್ಳಿಗೆ. ಬೇರೆಯವ್ರಿಗೆ ಕೊಟ್ಟಿಲ್ಲ. ನನ್ನ ಊಟ ಮುಗಿಯೋವರೆಗೂ ಟೈಮಿದೆ. ಅಷ್ಟರಲ್ಲಿ ತೀರ್ಮಾನ ಆಗ್ಲಿಲ್ಲ ಅಂದ್ರೆ ನಾಲ್ಕು ಆಳಿಗೂ ಪೊರಕೆ ಕೊಟ್ಟು ತೋಟಕ್ಕೆ ಇಳಿಸ್ತೀನಿ."

ಬಾಯಿ ತುದಿಗೆ ನೂರು ಮಾತು ಬಂದಿದ್ದರೂ ನಾನು ಕಡುಬಿನ ತಟ್ಟೆ ಹಿಡಿದು ನಿಂತಿದ್ದೆ. ಗೌಡರ ಎಲೆಯ ಮೇಲೆ ಅರ್ಧ ಕಡುಬು ಉಳಿದಿತ್ತು. ಮಾಲತಿ ಮೇಡಂ ಅದನ್ನು ನೋಡಿದರು, ಆಮೇಲೆ ಪ್ರಮೋದ್ ಮುಖ ನೋಡಿದರು.

"ಶೈಲಾ, ಗೌಡ್ರಿಗೆ ಇನ್ನೆರಡು ಕಡುಬು ಬಡಿಸಿ" ಎಂದರು ಮೇಡಂ. "ಪ್ರಮೋದ್, ಅಷ್ಟರೊಳಗೆ ನೇಮಕದ ಪತ್ರ ಟೈಪ್ ಮಾಡಿ."